ಹೊಸ ಹಲಗೆಗೆ ಮಾವ ಹಚ್ಚಿದ ಎಣ್ಣೆ

ನನ್ನ ಮಾವನ ಮೈಗೆ ಮೀನೆಣ್ಣೆಯ ನಾತ. ಮಿಂದು ಬಂದರೂ ಹೋಗುವುದಿಲ್ಲ. ತಾರ್ಲೆ ಮೀನು ಕುದಿಸಿ ತೆಗೆದ ಎಣ್ಣೆ ಅದು. ಉಪ್ಪುನೀರಿಗೆ ದೋಣಿಯ ಮರ ಕೊಳೆಯಬಾರದು ಎಂದು ಹಚ್ಚುತ್ತಾರೆ. ಹಳತಾದಷ್ಟೂ ಒಳ್ಳೆಯದು ಎನ್ನುತ್ತಾರೆ ಮಾವ. ಹಳತಾದಷ್ಟೂ ನಾನು ದೂರ ಸರಿಯುತ್ತೇನೆ.

ನಮ್ಮ ಊರು ಅವರ್ಸಾದಲ್ಲಿ ಜಟ್ಟಪ್ಪನ ಮನೆ ಯಾವುದು ಎಂದರೆ ಯಾವ ಜಟ್ಟಪ್ಪ ಎಂದು ಕೇಳುತ್ತಾರೆ. ಎಣ್ಣೆ ಜಟ್ಟಪ್ಪ ಎಂದರೆ ಕೈ ತೋರಿಸುತ್ತಾರೆ. ಕೆಲವರು ಮೂಗು ಮುಚ್ಚಿಕೊಂಡೇ ತೋರಿಸುತ್ತಾರೆ.

ಮನೆಯ ಹಿಂದೆ ಅವರ ದೋಣಿ ಕವುಚಿ ಬಿದ್ದಿದೆ. ಅದು ನೀರಿಗೆ ಇಳಿಯದೆ ಎಷ್ಟೋ ವರ್ಷವಾಯಿತು. ಆದರೂ ಅದಕ್ಕೆ ಎಣ್ಣೆ ತಪ್ಪುವುದಿಲ್ಲ. ತೆಂಗಿನ ಸಿಪ್ಪೆಯ ತುಂಡನ್ನು ಡಬ್ಬಿಯಲ್ಲಿ ಅದ್ದಿ, ಎಮ್ಮೆಯ ಮೈ ತಿಕ್ಕುವ ಹಾಗೆ ಉದ್ದಕ್ಕೂ ತಿಕ್ಕುತ್ತಾರೆ. ದೋಣಿ ಮುಗಿದ ಮೇಲೆ ಕತ್ತಿ, ಬಾಗಿಲ ಕೀಲು, ಕೊಡೆಯ ಕಡ್ಡಿ, ನಾನು ಮದುವೆಯಾಗಿ ಬರುವಾಗ ತಂದ ಟ್ರಂಕಿನ ಚಿಲಕ. ಒಮ್ಮೆ ಬಸ್ ಸ್ಟಾಪಿನ ಕಬ್ಬಿಣದ ಬೆಂಚಿಗೂ ಹಚ್ಚಿ ಬಂದರು. ಶಾಲೆಗೆ ಹೊರಟಿದ್ದ ಮಾಸ್ತರರು ಅದರ ಮೇಲೆ ಕೂತರು. ಮಾಸ್ತರರು ಮನೆಗೇ ಬಂದು, ಹಿಂದೆ ತಿರುಗಿ ಪ್ಯಾಂಟು ತೋರಿಸಿ ಕೂಗಾಡಿದರು.

"ಬೆಂಚಿಗೆ ಜಂಗು ಹಿಡಿದು ಮುರದ್ರೆ ನಿಮ್ಗೇ ಅಲ್ವನಾ ಬೀಳುದು?" ಎಂದರು ಮಾವ.

ಯಾರನ್ನೂ ಕೇಳುವುದಿಲ್ಲ. ಅದು ಅವರ ಗುಣ. ತನಗೆ ಗೊತ್ತು ಎಂದರೆ ಗೊತ್ತು. ಊರಿನವರಿಗೆ ಇದು ನಗುವ ಮಾತು. ನನಗೆ ಅಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ನನ್ನ ಗಂಡ ಸೋಮನಿಗೆ ಕಾಮಾಲೆ ಆಯಿತು. ಅವರು ಮೀನಿನ ಗಾಡಿ ಓಡಿಸುತ್ತಿದ್ದರು, ಕಾರವಾರದಿಂದ ಗೋವಾಕ್ಕೆ. ಕಣ್ಣು ಹಳದಿ ಆದ ದಿನವೇ ನಾನು ಆಸ್ಪತ್ರೆ ಎಂದೆ. ಮಾವ ಗದ್ದೆಯ ಬದುವಿನಿಂದ ಸೊಪ್ಪು ಕಿತ್ತು ತಂದು ಅರೆದರು. ಕಾಮಾಲೆಗೆ ಇದೇ ಮದ್ದು, ನನಗೆ ಗೊತ್ತು ಎಂದರು. ದಿನಾ ಬೆಳಗ್ಗೆ ಹಸಿರು ರಸ, ಹಿತ್ತಾಳೆ ಲೋಟದಲ್ಲಿ. ಮಗನ ಗದ್ದ ಹಿಡಿದು ತಾವೇ ಕುಡಿಸಿದರು. ಆ ಕೈಯಲ್ಲಿ ಮೀನೆಣ್ಣೆ ಇರುತ್ತಿತ್ತು. ನನ್ನವರು ವಾಂತಿ ಮಾಡಿಕೊಂಡರೆ, ವಿಷ ಹೊರಗೆ ಹೋಗ್ತದೆ, ಒಳ್ಳೇದು ಎನ್ನುತ್ತಿದ್ದರು. ನಾನು ಮತ್ತೆ ಆಸ್ಪತ್ರೆ ಎಂದೆ. ಹೆಂಗಸರು ಸುಮ್ಮನಿರಬೇಕು ಎಂದರು. ಕೊನೆಗೆ ನಾನೇ ರಿಕ್ಷಾ ತಂದು ಕಾರವಾರಕ್ಕೆ ಕರೆದುಕೊಂಡು ಹೋದೆ. ಅಲ್ಲಿಂದ ಮಣಿಪಾಲಕ್ಕೆ ಬರೆದುಕೊಟ್ಟರು. ಮಣಿಪಾಲದಿಂದ ಹೆಣ ತಂದೆವು.

ಅಷ್ಟೇ. ಇದನ್ನು ಇನ್ನೂ ಉದ್ದ ಮಾಡಿ ಹೇಳಲು ನನಗೆ ಬರುವುದಿಲ್ಲ.

ಆಮೇಲೆ ಮನೆಯಲ್ಲಿ ಉಳಿದವರು ನಾನು, ಮಾವ, ಮೈದುನ ಸುನಿಲ. ನಾನು ಒಣಮೀನು ಮಾರುತ್ತೇನೆ. ಸುನಿಲ ಕಾರವಾರದ ಐಸ್ ಕಾರ್ಖಾನೆಯಲ್ಲಿ ಐಸ್ ಗಡ್ಡೆ ಎಳೆಯುತ್ತಾನೆ. ಎಳೆಯುತ್ತಿದ್ದ ಎನ್ನಬೇಕು. ಅವನ ಬೆರಳು ಬಾತು ಕೆಂಪಗೆ ಇರುತ್ತಿತ್ತು. ಕಾರ್ಖಾನೆಯ ಒಳಗಿನ ಗ್ಯಾಸಿಗೆ ಕೆಮ್ಮು ಬಂದರೆ ಮನೆಯ ಹಂಚು ಅದುರುವಂಥ ಕೆಮ್ಮು. ಆ ಕೆಮ್ಮಿಗೂ ಮಾವ ಏನೋ ಕಷಾಯ ಮಾಡಿದ್ದರು. ನಾನು ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ.

ಸುನಿಲನಿಗೆ ಒಂದು ಹುಚ್ಚು. ಸ್ಕೂಟರು. ಪೆಟ್ರೋಲು ಹಾಕುವ ಸ್ಕೂಟರಲ್ಲ. ಎರಡು ಪುಟ್ಟ ಚಕ್ರ, ನಡುವೆ ನಿಲ್ಲಲು ಒಂದು ಹಲಗೆ, ಮುಂದೆ ಹಿಡಿದುಕೊಳ್ಳಲು ಉದ್ದ ಕಂಬಿ. ಒಂದು ಕಾಲು ಹಲಗೆಯ ಮೇಲಿಟ್ಟು ಇನ್ನೊಂದರಿಂದ ತಳ್ಳಬೇಕು. ಗೋವಾಕ್ಕೆ ಗಾಡಿ ಒಯ್ದಾಗ ನನ್ನವರೇ ಇದನ್ನು ಯಾರಿಂದಲೋ ಹಳೇದು ತಂದು ಕೊಟ್ಟಿದ್ದರು. ಸುನಿಲ ಅದರ ಮೇಲೆ ನಿಂತು ಹಾರುತ್ತಾನೆ. ಗಾಳಿಯಲ್ಲಿರುವಾಗ ಹಲಗೆಯನ್ನು ಕಾಲಿಂದ ಒದ್ದು ಕಂಬಿಯ ಸುತ್ತ ಒಂದು ಸುತ್ತು ತಿರುಗಿಸಿ, ಮತ್ತೆ ಅದರ ಮೇಲೇ ಇಳಿಯುತ್ತಾನೆ. ಕಟ್ಟೆಯ ಅಂಚಿನ ಮೇಲೆ ಹಲಗೆಯ ಹೊಟ್ಟೆ ಉಜ್ಜಿಕೊಂಡು ಕರ್ರೆಂದು ಜಾರುತ್ತಾನೆ.

ಇದನ್ನೆಲ್ಲ ಮಾಡಲು ಊರಿನಲ್ಲಿ ಇರುವುದು ಒಂದೇ ಜಾಗ. ಮೀನು ಒಣಗಿಸುವ ಸಿಮೆಂಟು ಅಂಗಳ. ಮಳೆಗಾಲದಲ್ಲಿ ಅದು ಖಾಲಿ. ಮಳೆ ಹೋದ ಮೇಲೆ ನಾವು ಹೆಂಗಸರು ಮೀನು ಹರಡುತ್ತೇವೆ. ಅವನು ಮೀನಿನ ಸಾಲುಗಳ ನಡುವೆ ಬಿಟ್ಟ ಓಣಿಯಲ್ಲಿ ಓಡಿಸುತ್ತಾನೆ.

"ಸುನಿಲಾ, ಇದ್ರ ಸೀಟು ಯಾರು ಕದ್ಕೊಂಡು ಹೋದ್ರೋ?" ಎನ್ನುತ್ತಾಳೆ ಪಕ್ಕದ ಮನೆಯ ತಿಮ್ಮಿ. ಅಂಗಳದಲ್ಲಿ ಅವಳದ್ದೇ ಜಾಸ್ತಿ ಮೀನು, ಅವಳದ್ದೇ ಜಾಸ್ತಿ ಬಾಯಿ.

"ನಿನ್ನ ಕೂರಿಸ್ಬೇಕಾಗ್ತದೆ ಅಂತ ನಾನೇ ತೆಗ್ದಿಟ್ಟಿದ್ದೆ, ತಿಮ್ಮಕ್ಕಾ."

"ನಾ ಕೂತ್ರೆ ನಿನ್ನ ಚಕ್ರ ಭೂಮಿ ಒಳಗೆ ಹೋಗ್ತಿತ್ತು ಬಿಡು."

ಆ ಸ್ಕೂಟರಿನ ಹಲಗೆ ಈ ವರ್ಷ ಕಂಬಿ ಕೂರುವ ಕುತ್ತಿಗೆಯ ಹತ್ತಿರ ಬಿರುಕು ಬಿಟ್ಟಿತು. ಹೊಸ ಹಲಗೆ ಕಳಿಸಿದವನು ಗೋವಾದ ಸಂದೇಶ ಎಂಬವನು. ಅವನು ಅಲ್ಲಿ ಸ್ಕೂಟರಿನ ಬಿಡಿಭಾಗ ಮಾರುತ್ತಾನೆ, ಆಟದ ಮೈದಾನ ಇಟ್ಟಿದ್ದಾನೆ, ಪ್ರವಾಸಕ್ಕೆ ಬಂದವರ ಮಕ್ಕಳಿಗೆ ಕಲಿಸುತ್ತಾನೆ. ಸುನಿಲನ ವಿಡಿಯೋ ಫೋನಿನಲ್ಲಿ ನೋಡಿದ್ದನಂತೆ. ಈ ಹಲಗೆ ಹಾಕಿ ಓಡಿಸಿ ರೂಢಿ ಮಾಡಿಕೋ, ಭಾನುವಾರ ಕಾರವಾರಕ್ಕೆ ಬರುತ್ತೇನೆ, ನನ್ನ ಎದುರಿಗೆ ಆಡಿ ತೋರಿಸು, ಸರಿ ಇದ್ದರೆ ಮೈದಾನದಲ್ಲಿ ಕಲಿಸುವ ಕೆಲಸ ನಿನಗೆ ಎಂದಿದ್ದ. ಅಂದರೆ ಐಸ್ ಕಾರ್ಖಾನೆ ಬಿಡಬಹುದು. ಕೆಮ್ಮು ಬಿಡಬಹುದು. ಸುನಿಲ ಬೇರೆ ಮಾತೇ ಆಡುತ್ತಿರಲಿಲ್ಲ.

ಹಲಗೆ ಅಲ್ಯೂಮಿನಿಯಮ್ಮಿನದು. ಬೂದು ಬಣ್ಣ, ನನ್ನ ಒಂದು ಗೇಣಿಗಿಂತ ಸ್ವಲ್ಪ ಸಣ್ಣ ಅಗಲ, ಎರಡೂ ತುದಿ ಚೌಕ. ಮೇಲೆ ಕಾಲು ಜಾರದ ಹಾಗೆ ಕಪ್ಪು ಮರಳು ಕಾಗದ ಅಂಟಿಸಿದ್ದರು. ಸುನಿಲ ಅಣ್ಣನ ರಿಪೇರಿ ಸಾಮಾನಿನ ಪೆಟ್ಟಿಗೆ ತೆಗೆದು ಸಂಜೆಯೆಲ್ಲ ಕೂತು ಅದನ್ನು ಜೋಡಿಸಿದ. ಆ ಪೆಟ್ಟಿಗೆಯನ್ನು ನಾನು ಅಲ್ಲಿಯವರೆಗೆ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ. ಅವನು ಕೇಳಿದ. ಕೊಟ್ಟೆ.

ಜೋಡಿಸಿ ಅಂಗಳದಲ್ಲಿ ಎರಡು ಸುತ್ತು ಹೊಡೆದ.

"ಅತ್ಗೆ, ಹಳೇದ್ರಲ್ಲಿ ನಿಂತ್ರೆ ಹಗ್ಗದ ಮೇಲೆ ನಿಂತಂಗೆ. ಇದ್ರಲ್ಲಿ ಜಗಲಿ ಮೇಲೆ ನಿಂತಂಗೆ ಆಗ್ತದೆ. ಸ್ವಲ್ಪ ತೂಕ. ತಿರುಗ್ಸುಕೆ ಜೋರು ಒದೀಬೇಕು."

"ಬೀಳ್ಬ್ಯಾಡ" ಎಂದೆ. ನನಗೆ ಬೇರೇನು ಹೇಳಲು ಬರುತ್ತದೆ?

ಸ್ಕೂಟರನ್ನು ಜಗಲಿಯ ಗೋಡೆಗೆ ಒರಗಿಸಿ ಮಲಗಿದ. ಬೆಳಗ್ಗೆ ಮಾವ ಎಲ್ಲರಿಗಿಂತ ಮೊದಲು ಏಳುತ್ತಾರೆ. ಹೊಸ ಹಲಗೆಯ ಮೇಲೆ ಇಬ್ಬನಿ ಕೂತದ್ದು ಕಂಡಿತು. ಕಡಲ ಕಡೆಯ ಇಬ್ಬನಿ, ಉಪ್ಪು. ಡಬ್ಬಿ ತಂದರು. ಸಿಪ್ಪೆ ಅದ್ದಿದರು. ಹೊಟ್ಟೆಗೆ ಹಚ್ಚಿದರು, ಅಂಚಿಗೆ ಹಚ್ಚಿದರು, ಮೇಲಿನ ಕಪ್ಪು ಕಾಗದಕ್ಕೂ ಕುಡಿಯುವಷ್ಟು ಕುಡಿಸಿದರು. ಅಲ್ಯೂಮಿನಿಯಮ್ಮಿಗೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ನಮ್ಮ ಅನ್ನದ ಪಾತ್ರೆ ಅದರದ್ದೇ. ಅದನ್ನು ದಿನಾ ನೋಡಿದರೂ ಅವರಿಗೆ ಹೊಳೆಯಲಿಲ್ಲ. ಹೊಸದು, ಲೋಹದ್ದು, ಕಡಲಿಗೆ ಮುಖ ಮಾಡಿದೆ. ಅಷ್ಟು ಸಾಕು ಅವರಿಗೆ.

ಮನೆಯಲ್ಲಿ ಯಾರ ಮೂಗಿಗೂ ಅದು ತಿಳಿಯಲಿಲ್ಲ. ಯಾವಾಗಲೂ ಅದೇ ನಾತ. ಮೀನಿನ ಅಂಗಳದಲ್ಲಂತೂ ಕೇಳುವುದೇ ಬೇಡ. ಕಪ್ಪು ಕಾಗದ ಒದ್ದೆ ಕಂಡದ್ದು ಇಬ್ಬನಿಗೆ ಎಂದುಕೊಂಡ ಸುನಿಲ. ಅಂಗಿಯಿಂದ ಒರೆಸಿಕೊಂಡು ಹೊರಟ.

ನಾನು ಅಂಗಳದಲ್ಲಿ ಮೀನು ಹರಡುತ್ತಿದ್ದೆ. ಅವನು ಮೊದಲ ಸಲ ತಳ್ಳಿದಾಗಲೇ ಹಲಗೆಯ ಮೇಲಿನ ಕಾಲು ಸ್ವಲ್ಪ ಜಾರಿತು. ನಿಂತು ಬೂಟಿನ ಅಡಿ ನೋಡಿಕೊಂಡ. ಹೊಸದು, ಅಗಲ ಜಾಸ್ತಿ, ಕಾಲು ಕೂರಲು ಹೊತ್ತು ಬೇಕು ಎಂದುಕೊಂಡನಂತೆ. ಎರಡನೇ ಸಲ ದೂರದಿಂದ ಓಡಿಸಿಕೊಂಡು ಬಂದ. ಹಾರಿದ. ಹಲಗೆ ಸುತ್ತು ಹೊಡೆಯಿತು. ಸರಿಯಾಗಿ ಕಾಲಡಿಗೆ ಬಂತು. ಕಾಲು ಅದರ ಮೇಲೆ ನಿಲ್ಲಲಿಲ್ಲ. ಬಾಳೆಸಿಪ್ಪೆ ತುಳಿದವರ ಹಾಗೆ ಮುಂದಕ್ಕೆ ಹೋಯಿತು. ಕಂಬಿ ಎದೆಗೆ ಬಡಿಯಿತು, ಗದ್ದ ಕಟ್ಟೆಯ ಅಂಚಿಗೆ ಬಡಿಯಿತು. ನಾನು ಮೀನು ಬಿಟ್ಟು ಓಡಿದೆ.

"ಅಯ್ಯೋ, ಮೀನಿನ ಮೇಲೆ ರಕ್ತ!" ಎಂದಳು ತಿಮ್ಮಿ. ಮೊದಲು ಅವಳಿಗೆ ಕಂಡದ್ದು ಅದು.

"ನಿನ್ನ ಮೀನು ಹಾಳಾಗ್ಲಿ. ನೀರು ತಾ" ಎಂದೆ.

ಗದ್ದ ಸೀಳಿತ್ತು. ಒಳಗಿನ ಬಿಳಿ ಕಾಣುತ್ತಿತ್ತು. ನನ್ನ ಸೆರಗು ಒತ್ತಿ ಹಿಡಿದೆ. ಸ್ಕೂಟರು ಎತ್ತಲು ಹೋದ ತಿಮ್ಮಿಯ ಕೈ ಜಾರಿತು. ಬೆರಳು ಮೂಸಿದಳು.

"ಗಂಗೂ, ಇದು ನಿಮ್ಮಾವನ ಎಣ್ಣೆ ಅಲ್ವನಾ?"

ನಾನೂ ಮೂಸಿದೆ. ಹೌದು, ಅದೇ.

ಅಷ್ಟರಲ್ಲಿ ಮಾವ ಓಡಿ ಬಂದರು. ದಾರಿಯಲ್ಲೇ ಬೇಲಿಯಿಂದ ಏನೋ ಸೊಪ್ಪು ಕಿತ್ತಿದ್ದರು. ಎರಡು ಅಂಗೈ ನಡುವೆ ತಿಕ್ಕುತ್ತಾ ಬಂದರು. ಬೆರಳ ಸಂದಿನಿಂದ ಹಸಿರು ರಸ ಇಳಿಯುತ್ತಿತ್ತು.

"ಗದ್ದ ಎತ್ತು ತಮಾ. ಇದ್ನ ಹಿಂಡಿದ್ರೆ ರಕ್ತ ನಿಲ್ತದೆ. ನಂಗೆ ಗೊತ್ತು."

ಅದೇ ಹಸಿರು. ಅದೇ ಕೈ. ಅದೇ ಮಾತು. ಗದ್ದ ಹಿಡಿಯಲು ಬೆರಳು ಚಾಚಿದ್ದೂ ಅದೇ ಥರ.

ನಾನು ಆ ಕೈಗೆ ಹೊಡೆದೆ. ಜೋರಾಗಿ ಹೊಡೆದೆ. ಸೊಪ್ಪು ಸಿಮೆಂಟಿನ ಮೇಲೆ ಚೆಲ್ಲಿತು. ಮಾವನ ಮೇಲೆ ಕೈ ಎತ್ತಿದ ಸೊಸೆಯನ್ನು ಅಂಗಳದ ಹೆಂಗಸರೆಲ್ಲ ನೋಡಿದರು.

"ಒಬ್ರನ್ನ ತಿಂದದ್ದು ಸಾಕಾಗ್ಲಿಲ್ವಾ ನಿಮ್ಗೆ?" ಎಂದೆ.

"ಗಂಡ ಸತ್ತ ಮೇಲೆ ಇವಳ ಬಾಯಿ ನೋಡೆ" ಎಂದು ಯಾರೋ ಹೇಳಿದರು. ಹೇಳಲಿ. ನಾನು ರಿಕ್ಷಾ ಕರೆದು ಸುನಿಲನನ್ನು ಅಂಕೋಲೆಯ ಆಸ್ಪತ್ರೆಗೆ ಒಯ್ದೆ. ಗದ್ದಕ್ಕೆ ಹೊಲಿಗೆ ಹಾಕಿದರು. ಮೂಳೆ ಮುರಿದಿಲ್ಲ ಎಂದರು. ಎದೆ ನೋಯುತ್ತದೆ, ಭಾರ ಎತ್ತಬೇಡ ಎಂದರು. ರಿಕ್ಷಾದಲ್ಲಿ ಬರುವಾಗ ಸುನಿಲ ಬಾಯಿ ತೆರೆಯದೆ ಹಲ್ಲಿನ ನಡುವಿನಿಂದ ಕೇಳಿದ್ದು ಒಂದೇ.

"ಹಲಗೆ ಬಗ್ಗಿತಾ?"

ಬಗ್ಗಿರಲಿಲ್ಲ. ಆದರೆ ಕಾಗದ ಕೆಟ್ಟಿತ್ತು. ಸೋಪು ಹಾಕಿ ತಿಕ್ಕಿದೆ. ಅಂಟುವಾಳ ಹಾಕಿ ತಿಕ್ಕಿದೆ. ಮರಳು ಕಾಗದದ ಸಂದುಸಂದಿನಲ್ಲಿ ಎಣ್ಣೆ ಕೂತಿತ್ತು. ತಿಕ್ಕಿದಷ್ಟೂ ನೊರೆಯ ಜೊತೆ ನಾತ ಏಳುತ್ತಿತ್ತು. ನನ್ನ ಉಗುರಿನ ಒಳಗೂ ಅದೇ. ಆ ದಿನ ಅನ್ನ ತಿನ್ನಲಾಗಲಿಲ್ಲ.

ಕೊನೆಗೆ ಸುನಿಲ ಬಿಸಿನೀರು ಹೊಯ್ದು ಕಾಗದವನ್ನೇ ಕಿತ್ತು ಹಾಕಿದ. ಕಾಗದ ಸವೆದಾಗ ಬದಲಿಸುವುದು ಈ ಸ್ಕೂಟರು ಆಡುವವರಲ್ಲಿ ಇದ್ದದ್ದೇ ಅಂತೆ. ಆದರೆ ಅಂಥ ಕಾಗದ ಅಂಕೋಲೆಯಲ್ಲಿ ಸಿಗುವುದಿಲ್ಲ, ಕಾರವಾರದಲ್ಲೂ ಇಲ್ಲ. ತರಿಸಿದರೆ ಭಾನುವಾರ ದಾಟುತ್ತದೆ. ಕೆಳಗಿನ ಲೋಹ ತಟ್ಟೆಯ ಹಾಗೆ ನುಣುಪು. ಅದರ ಮೇಲೆ ಹಾರಿದರೆ ಗದ್ದದ ಇನ್ನೊಂದು ಬದಿಯೂ ಸೀಳುತ್ತದೆ.

"ಸಂದೇಶಂಗೆ ಫೋನ್ ಮಾಡಿ ಮುಂದಿನ ವಾರ ಬಾ ಅನ್ನು" ಎಂದೆ.

"ಅಂವ ನಂಗೋಸ್ಕರ ಬರುದಲ್ಲ ಅತ್ಗೆ. ಕಾರವಾರದಲ್ಲಿ ಇನ್ನಿಬ್ರು ಇದ್ದಾರೆ. ಒಬ್ರನ್ನೇ ತಕಣುದು. ಈ ಭಾನ್ವಾರ ಹೋದ್ರೆ ಹೋಯ್ತು."

ಮಾವ ಬಾಗಿಲ ಹೊರಗೆ ಕೂತಿದ್ದರು. ನಾನು ಹೊಡೆದ ಮೇಲೆ ಅವರು ನಮ್ಮ ಹತ್ತಿರ ಬಂದಿರಲಿಲ್ಲ. ಅಲ್ಲಿಂದಲೇ ಅಂದರು.

"ದೋಣಿ ಒಳಗೆ ನಿಲ್ಲು ಹಲಗೆಗೆ ನಾವು ಬಣ್ಣ ಬಳ್ದು, ಹಸಿ ಇರುವಾಗ್ಲೇ ಹೊಯ್ಗೆ ಉದುರಸ್ತಿದ್ವು. ಒಣಗಿದ್ರೆ ಒದ್ದೆ ಕಾಲೂ ಜಾರುದಿಲ್ಲ."

ಹೊಯ್ಗೆ ಎಂದರೆ ಕಡಲಿನ ಮರಳು, ಅದಕ್ಕೇನು ಕೊರತೆ? ಮಾವ ಎದ್ದು ಹೋಗಿ ತಾವೇ ಮಾಡಿಬಿಡುತ್ತಾರೆ ಎಂದು ನಾನು ಹಲಗೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರು ಏಳಲಿಲ್ಲ.

"ತಮಾ, ಹಚ್ಲಾ?" ಎಂದು ಕೇಳಿದರು.

ನನ್ನ ಮದುವೆಯಾಗಿ ಇಷ್ಟು ವರ್ಷವಾಯಿತು. ಆ ಬಾಯಿಂದ ಅಂಥ ಮಾತು ಬಂದದ್ದು ನಾನು ಕೇಳಿರಲಿಲ್ಲ.

ಸುನಿಲ ಗದ್ದ ಹಿಡಿದುಕೊಂಡು ಬಾಗಿಲ ಕಡೆ ತಿರುಗಿದ.

"ನೀ ಮುಟ್ಬ್ಯಾಡ ಅಪ್ಪಾ. ಅಲ್ಲೇ ಕೂತು ಹೇಳು. ಅತ್ಗೆ ಹಚ್ಲಿ."

ನನಗೆ ಅದೂ ಬೇಡವಾಗಿತ್ತು. ಆದರೆ ಸುನಿಲನ ಬಾತ ಬೆರಳು ಕಣ್ಣ ಮುಂದೆ ಇತ್ತು. ಕಡಲ ದಂಡೆಯಿಂದ ಒಣ ಮರಳು ತಂದು ಸಿಹಿನೀರಲ್ಲಿ ತೊಳೆದೆ. ಬಿಸಿಲಿಗೆ ಹರಡಿದೆ. ಅಕ್ಕಿ ಜರಡಿ ಬೇಡ ಎಂದು ಹಳೆಯ ಪಂಚೆಯಲ್ಲಿ ಸೋಸಿದೆ. ಒಲೆಯ ಬೂದಿ ಹಾಕಿ ಹಲಗೆಯ ಎಣ್ಣೆ ತೆಗೆದೆ. ದೋಣಿಗೆ ಬಳಿದು ಉಳಿದ ನೀಲಿ ಬಣ್ಣದ ಡಬ್ಬಿ ಇತ್ತು. ಬಳಿದೆ.

"ತೆಳು ಮಾಡು ಗಂಗೂ. ದಪ್ಪ ಆದ್ರೆ ಎದ್ದು ಬರ್ತದೆ" ಎಂದರು ಮಾವ, ಹೊರಗಿನಿಂದ.

ನಾನು ಅವರ ಮುಖ ನೋಡದೆ ತೆಳು ಮಾಡಿದೆ. "ಈಗ ಉದ್ರಸು. ಎತ್ರದಿಂದ. ಉಪ್ಪು ಹಾಕ್ದಂಗೆ." ಉದುರಿಸಿದೆ. ಬಣ್ಣದ ನಾತ, ಎಣ್ಣೆಯ ನಾತ, ಆ ಮುದುಕನ ದನಿ. ಯಾವುದು ಹೆಚ್ಚು ಹೇಸಿಗೆ ಎಂದು ಕೇಳಿದರೆ ಹೇಳಲಾರೆ. ಮಾರನೇ ದಿನದ ಬಿಸಿಲಿಗೆ ಅದು ಗಟ್ಟಿಯಾಯಿತು. ಅಂಗೈ ಇಟ್ಟು ತಿಕ್ಕಿದರೆ ಚರ್ಮ ತರಚಿತು.

ಭಾನುವಾರ ಸುನಿಲನ ಜೊತೆ ನಾನೂ ಬಸ್ಸು ಹತ್ತಿದೆ. ಅವನು ಮತ್ತೆ ಬಿದ್ದರೆ ಆಸ್ಪತ್ರೆಗೆ ಒಯ್ಯಲು ಒಬ್ಬರು ಬೇಕು. ಮಾವನಿಗೆ ಬರಬೇಡಿ ಎಂದೆ. ಬಸ್ಸಿನಲ್ಲಿ ಸುನಿಲ ಸ್ಕೂಟರನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಚೆಂಡಿಯಾ ದಾಟಿದ ಮೇಲೆ ನೌಕಾನೆಲೆಯ ಗೋಡೆ ಮುಗಿಯುವವರೆಗೂ ಬೆರಳಿಂದ ಆ ನೀಲಿ ಮರಳನ್ನು ಮುಟ್ಟುತ್ತಲೇ ಇದ್ದ.

ಕಾರವಾರದಲ್ಲಿ ಕಡಲಿನ ಹತ್ತಿರ ಸಿಮೆಂಟು ಹಾಕಿದ ಬಯಲು. ಸಂದೇಶ ಕಪ್ಪು ಕನ್ನಡಕ ಹಾಕಿಕೊಂಡು ಕಾರಿಗೆ ಒರಗಿ ನಿಂತಿದ್ದ. ಇನ್ನಿಬ್ಬರು ಹುಡುಗರು ಆಡಿ ಮುಗಿಸಿ ನೀರು ಕುಡಿಯುತ್ತಿದ್ದರು. ಒಬ್ಬನ ಬೂಟು ನಮ್ಮ ಮನೆಯ ಟಿವಿಗಿಂತ ಹೊಸದಾಗಿತ್ತು. ಸಂದೇಶ ನಮ್ಮ ಸ್ಕೂಟರು ನೋಡಿದ. ಕನ್ನಡಕ ತೆಗೆದ.

"ಏನ್ ಮಾರಾಯಾ ಇದು? ನಾ ಕೊಟ್ಟದ್ದು ಇದೇನಾ?"

"ಹೌದು. ಕಾಗ್ದ ಹೋಯ್ತು. ಹೊಯ್ಗೆ ಹಾಕಿದ್ದು."

ಸಂದೇಶ ಬಗ್ಗಿ ಹೆಬ್ಬೆರಳಿಂದ ತಿಕ್ಕಿದ. ಬೆರಳು ಮೂಗಿಗೆ ಹಿಡಿದ. ಮುಖ ಸಿಂಡರಿಸಿದ.

"ಮೀನು ಕೊಯ್ದಿದ್ಯಾ ಇದ್ರ ಮೇಲೆ?"

ಬೂಟಿನ ಹುಡುಗ ಕಿಸಕ್ಕೆಂದ. ಸುನಿಲನ ಕಿವಿ ಕೆಂಪಾಯಿತು. ನನಗೆ ಆ ಹುಡುಗನ ಬಾಯಿಗೆ ಎಣ್ಣೆ ಡಬ್ಬಿ ಕವುಚಬೇಕು ಅನ್ನಿಸಿತು.

"ಆಡ್ಲಾ, ಬ್ಯಾಡ್ವಾ?" ಎಂದ ಸುನಿಲ.

"ಆಡು. ಹಲ್ಲು ಉದುರಿದ್ರೆ ನಾ ಜವಾಬ್ದಾರ ಅಲ್ಲ."

ಸುನಿಲ ದೂರ ಹೋದ. ತಳ್ಳಿದ. ನಾನು ಅವನ ಮುಖ ನೋಡಲಿಲ್ಲ, ಬೂಟು ನೋಡಿದೆ. ಹಾರಿದ. ಹಲಗೆ ಸುತ್ತು ಹೊಡೆದು ಬಂತು. ಬೂಟು ಅದರ ಮೇಲೆ ಇಳಿಯಿತು. ಇಳಿದಲ್ಲೇ ನಿಂತಿತು. ಬೆರಳಷ್ಟೂ ಸರಿಯಲಿಲ್ಲ. ಆಮೇಲೆ ಕಟ್ಟೆ ಹತ್ತಿಸಿ ಅಂಚಿನುದ್ದಕ್ಕೂ ಜಾರಿದ, ಕೆಳಗೆ ಹಾರುವಾಗ ಇನ್ನೊಂದು ಸುತ್ತು. ಮತ್ತೂ ನಿಂತಿತು. ಹೊಲಿಗೆಯ ಒಂದು ಬದಿಯಿಂದ ರಕ್ತ ಜಿನುಗುತ್ತಿತ್ತು. ಅವನಿಗೆ ಗೊತ್ತೇ ಇರಲಿಲ್ಲ. ಕಿಸಕ್ಕೆಂದ ಹುಡುಗ ನೀರಿನ ಬಾಟಲಿಯನ್ನು ಬಾಯಿಗೆ ಇಟ್ಟವನು ಕುಡಿಯಲಿಲ್ಲ.

ಸಂದೇಶ ಹತ್ತಿರ ಬಂದು ಹೇಳಿದ, "ಒಂದನೇ ತಾರೀಕಿಗೆ ಬಾ. ಈ ಹಲಗೆ ನೀನೇ ಇಟ್ಕೋ. ನನ್ನ ಅಂಗಡಿಗೆ ಈ ವಾಸ್ನೆ ಬ್ಯಾಡ ಮಾರಾಯಾ."

ಸುನಿಲ ನನ್ನನ್ನು ನೋಡಿ ನಕ್ಕ. ನಕ್ಕರೆ ಗದ್ದ ನೋಯುತ್ತದೆ, ಅದಕ್ಕೆ ಅರ್ಧ ನಕ್ಕ. ಅಣ್ಣನ ನಗುವೂ ಹಾಗೇ ಒಂದು ಕಡೆಗೆ. ನಾನು ಕಡಲ ಕಡೆ ತಿರುಗಿ ನಿಂತೆ.

ಈಗ ಅವನು ಗೋವಾದಲ್ಲಿ. ಸೋಮವಾರ ರಜೆ, ಮನೆಗೆ ಬರುತ್ತಾನೆ. ಬೆರಳ ಬಾವು ಇಳಿದಿದೆ. ಕೆಮ್ಮು ಕಡಿಮೆ. ಹಲಗೆಯ ಮೇಲೆ ಇನ್ನೂ ಅದೇ ನೀಲಿ ಮರಳು. ಸವೆದರೆ ಮತ್ತೆ ಹಾಕಿಸಿಕೊಂಡು ಹೋಗುತ್ತೇನೆ ಎನ್ನುತ್ತಾನೆ.

ಮನೆಯಲ್ಲಿ ನಾನು ಮತ್ತು ಮಾವ. ಊರಿನವರು ಈಗ ಹೊಸ ಮಾತು ಶುರು ಮಾಡಿದ್ದಾರೆ. ಜಟ್ಟಪ್ಪನ ಹೊಯ್ಗೆಯಿಂದ ಮಗನಿಗೆ ಕೆಲಸ ಸಿಕ್ಕಿತಂತೆ. ಎಣ್ಣೆ ಯಾರು ಹಚ್ಚಿದ್ದು ಎಂಬುದು ಎಲ್ಲರಿಗೂ ಮರೆತಿದೆ. ಎಷ್ಟು ಬೇಗ ಮರೆಯುತ್ತಾರೆ ಜನ. ತಿಮ್ಮಿ ಬಂದು ಉಪದೇಶ ಮಾಡಿದಳು.

"ಮುದುಕ ಬದಲಾಗಿದ್ದಾನೆ ಕಣೇ ಗಂಗೂ. ಈಗ ಎಲ್ಲಾ ಕೇಳಿ ಮಾಡ್ತಾನೆ. ನೀನೂ ಸ್ವಲ್ಪ ಮೆತ್ತಗಾಗು."

ಹೌದು. ಈಗ ಕೇಳುತ್ತಾರೆ. ಅದೇ ನನಗೆ ತಡೆಯಲಾಗುವುದಿಲ್ಲ. ಗಂಗೂ, ಬಾಗಿಲ ಕೀಲಿಗೆ ಹಚ್ಲಾ? ಗಂಗೂ, ಹಂಡೆಗೆ ನೀರು ಹೊಯ್ಲಾ? ಗಂಗೂ, ದೀಪ ಆರಿಸ್ಲಾ? ದಿನಕ್ಕೆ ಎಷ್ಟು ಸಲ. ಕೇಳಲು ಬರುತ್ತದೆ ಎಂದಾಯಿತು. ಬಾಯಿ ಇತ್ತು, ನಾಲಿಗೆ ಇತ್ತು. ಕೇಳಬೇಕಾದ ದಿನ ನಾನು ಎದುರಿಗೇ ನಿಂತಿದ್ದೆ. ಆ ದಿನ ಕೇಳಲಿಲ್ಲ.

ನಾನು ಅವರಿಗೆ ಅನ್ನ ಹಾಕುತ್ತೇನೆ. ಬಟ್ಟೆ ಒಗೆಯುತ್ತೇನೆ, ಮೂಗು ಕಟ್ಟಿಕೊಂಡು. ಕೇಳಿದ್ದಕ್ಕೆಲ್ಲ "ಹ್ಞೂಂ" ಎನ್ನುತ್ತೇನೆ.

ನಿನ್ನೆ ಡಬ್ಬಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಟಾರ್ಪಾಲಿನ ಅಡಿ ನನ್ನವರ ಬೈಕು ಇದೆ. ಯಾರೂ ಓಡಿಸುವುದಿಲ್ಲ.

"ಗಂಗೂ, ಸೋಮನ ಬೈಕಿನ ಚೈನಿಗೆ ಜಂಗು ಹತ್ತಿದೆ. ಹಚ್ಲಾ?"

"ಅದ್ನ ಮುಟ್ಬ್ಯಾಡಿ" ಎಂದೆ.

ಅವರು ನಿಂತೇ ಇದ್ದರು. ಸಿಪ್ಪೆಯಿಂದ ಎಣ್ಣೆ ಹನಿ ಹನಿಯಾಗಿ ಅವರ ಕಾಲಿನ ಮೇಲೆ ಬೀಳುತ್ತಿತ್ತು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ ದೋಣಿಯ ಕಡೆಗೆ ಹೋದರು.

ನಾನು ಟಾರ್ಪಾಲು ಎತ್ತಿ ನೋಡಿದೆ. ಚೈನು ಪೂರಾ ಕೆಂಪಾಗಿದೆ. ಕೆಂಪಾಗಲಿ. ಮುಚ್ಚಿ ಬಂದೆ.